ಕಾಲೇಜು ಮೆಂಟರ್‌ಗಳಿಗೆ ತರಬೇತಿ: ತಯಾರಿಯಿಂದ ಸೆಮಿಸ್ಟರ್ ಕೊನೆಯವರೆಗೆ

ಕರ್ನಾಟಕದ ಪದವಿ ಕಾಲೇಜುಗಳಲ್ಲಿ ಮೆಂಟರ್ (ಮಾರ್ಗದರ್ಶಕ ಅಧ್ಯಾಪಕರು) ಇಲ್ಲದ ವಿದ್ಯಾರ್ಥಿ ಕಾಗದದ ಮೇಲಂತೂ ಸಿಗುವುದಿಲ್ಲ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಮಂಡಳಿಯ ಮೌಲ್ಯಮಾಪನದಲ್ಲಿ ಮೆಂಟರ್–ವಿದ್ಯಾರ್ಥಿ ಅನುಪಾತ ಕೇಳುತ್ತಾರೆ, ಹಾಗಾಗಿ ಪ್ರತಿ ಅಧ್ಯಾಪಕರ ಹೆಸರಲ್ಲೂ ಒಂದು ಫೈಲ್ ಇರುತ್ತದೆ. ಆ ಫೈಲ್ ತುಂಬುವುದು ಎಲ್ಲರಿಗೂ ಗೊತ್ತು. ಎದುರು ಕೂತ ಹುಡುಗಿ ‘ಏನಿಲ್ಲ ಮೇಡಂ, ಎಲ್ಲ ಚೆನ್ನಾಗಿದೆ’ ಎಂದಾಗ ಮುಂದೇನು ಕೇಳಬೇಕು ಎನ್ನುವುದನ್ನು ಮಾತ್ರ ಯಾರೂ ಯಾರಿಗೂ ಹೇಳಿಕೊಟ್ಟಿಲ್ಲ.

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಇದೇ ಕೆಲಸಕ್ಕೆಂದು ಪೂರ್ಣಾವಧಿ ಸಲಹೆಗಾರರಿರುತ್ತಾರೆ. 1979ರಲ್ಲಿ ಶುರುವಾದ ಅವರ ಸಂಘ ನಕಾಡಾ, ಸಲಹೆಗಾರರಿಗೆ ಬೇಕಾದ ಅರಿವನ್ನು ಮೂರು ಭಾಗ ಮಾಡುತ್ತದೆ: ಈ ಕೆಲಸ ಯಾಕೆ ಬೇಕು ಎಂಬ ತಿಳಿವಳಿಕೆ, ನಿಯಮ–ಸೌಲಭ್ಯಗಳ ಮಾಹಿತಿ, ವಿದ್ಯಾರ್ಥಿಯೊಡನೆ ಮಾತಾಡುವ ಕೌಶಲ. ನಮ್ಮಲ್ಲಿ ಪಾಠ ಮಾಡುವವರೇ ಮೆಂಟರ್. ಅವರಿಗೆ ನಡೆಯುವ ತರಬೇತಿ ಸಾಮಾನ್ಯವಾಗಿ ಮೊದಲನೇ ಭಾಗಕ್ಕೇ ಮುಗಿಯುತ್ತದೆ: ಹೊರಗಿನಿಂದ ಬಂದ ಸಂಪನ್ಮೂಲ ವ್ಯಕ್ತಿ ಎರಡು ಗಂಟೆ ‘ಮೆಂಟರಿಂಗ್‌ನ ಮಹತ್ವ’ ಕುರಿತು ಮಾತಾಡುತ್ತಾರೆ, ಶಾಲು–ಹಾರ, ಗ್ರೂಪ್ ಫೋಟೋ, ಊಟ. ಈ ಮಾರ್ಗದರ್ಶಿ ಉಳಿದ ಎರಡು ಭಾಗಗಳಿಗೆ. ಐಕ್ಯುಎಸಿ (ಕಾಲೇಜಿನ ಆಂತರಿಕ ಗುಣಮಟ್ಟ ಕೋಶ) ಸಂಯೋಜಕರೋ ಹಿರಿಯ ಅಧ್ಯಾಪಕರೋ ತಮ್ಮ ಕಾಲೇಜಿನಲ್ಲೇ, ತಮ್ಮವರನ್ನೇ ಇಟ್ಟುಕೊಂಡು ನಡೆಸಬಹುದಾದ ತರಬೇತಿ ಇದು. ಒಟ್ಟು ಎರಡು ದಿನದ ಕಾರ್ಯಾಗಾರ, ಅದರ ಬೆನ್ನಿಗೆ ಸೆಮಿಸ್ಟರ್‌ನುದ್ದಕ್ಕೂ ಮೆಂಟರ್‌ಗಳು ತಾವೇ ಸೇರುವ 45 ನಿಮಿಷದ ಆರು ಭೇಟಿಗಳು. ಒಂದು ತಂಡಕ್ಕೆ 24 ಮಂದಿ ಮಿತಿ. ಅದಕ್ಕಿಂತ ಹೆಚ್ಚಾದರೆ ಅಭ್ಯಾಸ ಹೋಗಿ ಭಾಷಣವಾಗುತ್ತದೆ.

ಮೊದಲು ಟೈಮ್‌ಟೇಬಲ್

ಮೆಂಟರಿಂಗ್‌ಗೆ ಗಂಟೆ ಗೊತ್ತುಮಾಡದೆ ತರಬೇತಿ ಕೊಡಬೇಡಿ. ಲೆಕ್ಕ ಹೀಗಿದೆ: ಒಬ್ಬ ಮೆಂಟರ್‌ಗೆ 20 ವಿದ್ಯಾರ್ಥಿಗಳು, ತಲಾ 15 ನಿಮಿಷ ಎಂದರೆ ಒಂದು ಸುತ್ತಿಗೆ 5 ಗಂಟೆ. ಸೆಮಿಸ್ಟರ್‌ಗೆ ಮೂರು ಸುತ್ತು ಎಂದರೆ 15 ಗಂಟೆ. 16 ವಾರದ ಸೆಮಿಸ್ಟರ್‌ನಲ್ಲಿ ವಾರಕ್ಕೊಂದು ಪೀರಿಯಡ್ ಇಟ್ಟರೆ ಸರಿಹೋಗುತ್ತದೆ.

40 ವಿದ್ಯಾರ್ಥಿಗಳಿದ್ದರೆ ಇದೇ ಲೆಕ್ಕ 30 ಗಂಟೆಗೆ ಹೋಗುತ್ತದೆ, ಆಗದ ಮಾತು. ಆಗ ಮೊದಲ ಸುತ್ತನ್ನು ಎಂಟೆಂಟು ಜನರ ಐದು ಗುಂಪು ಮಾಡಿ 5 ಗಂಟೆಯಲ್ಲಿ ಮುಗಿಸಿ. ಉಳಿದ 11 ಗಂಟೆಯಲ್ಲಿ 15 ನಿಮಿಷದ 44 ಭೇಟಿ ಸಿಗುತ್ತವೆ. ಅವನ್ನು ಎಲ್ಲರಿಗೂ ಸಮನಾಗಿ ಹಂಚಬೇಕಿಲ್ಲ. ಹಾಜರಿ ಕುಸಿದವರಿಗೆ, ಇಂಟರ್ನಲ್ಸ್ (ಆಂತರಿಕ ಪರೀಕ್ಷೆ) ಬರೆಯದವರಿಗೆ, ಬ್ಯಾಕ್‌ಲಾಗ್ (ಪಾಸಾಗದೆ ಉಳಿದ ಪೇಪರ್) ಇರುವವರಿಗೆ ಮೀಸಲಿಡಿ.

ಆ ಪೀರಿಯಡ್ ಬೆಳಗಿನ ಅಥವಾ ಮಧ್ಯಾಹ್ನದ ತರಗತಿಗಳ ನಡುವೆ ಇರಬೇಕು. ಸಂಜೆ 4ಕ್ಕೆ ಇಟ್ಟರೆ ಹಳ್ಳಿಯಿಂದ ಬರುವವರ ಕಣ್ಣು ಬಸ್ಸಿನ ಮೇಲಿರುತ್ತದೆ. ಅವರಿಗೇ ಮೆಂಟರ್ ಹೆಚ್ಚು ಬೇಕಾಗಿರುವುದು.

ಜಾಗವೂ ಮುಖ್ಯ. ಸ್ಟಾಫ್ ರೂಮಿನಲ್ಲಿ ಆರು ಜನ ಪೇಪರ್ ತಿದ್ದುತ್ತಾ ಕೂತಿರುವಾಗ ಯಾವ ವಿದ್ಯಾರ್ಥಿಯೂ ಮನೆಯ ವಿಷಯ ಬಾಯಿಬಿಡುವುದಿಲ್ಲ. ಹೊರಗಿನವರಿಗೆ ಕಾಣಬೇಕು, ಕೇಳಬಾರದು: ಗ್ರಂಥಾಲಯದ ಮೂಲೆ, ಬಾಗಿಲು ತೆರೆದ ಖಾಲಿ ತರಗತಿ, ಪ್ರಯೋಗಾಲಯದ ಕೊನೆಯ ಮೇಜು. ಇದು ವಿದ್ಯಾರ್ಥಿಗೂ ಮೇಷ್ಟ್ರಿಗೂ ರಕ್ಷಣೆ.

ಮತ್ತೊಂದು ಕಟ್ಟುಪಾಡು: ಸಾಧ್ಯವಾದಷ್ಟೂ ಆ ಸೆಮಿಸ್ಟರ್‌ನಲ್ಲಿ ಇಂಟರ್ನಲ್ ಅಂಕ ಕೊಡುವವರೇ ಆ ವಿದ್ಯಾರ್ಥಿಯ ಮೆಂಟರ್ ಆಗಬಾರದು. ‘ನಿಮ್ಮ ಪಾಠವೇ ಅರ್ಥವಾಗುತ್ತಿಲ್ಲ ಸರ್’ ಎಂದು 20 ಅಂಕ ಕೈಯಲ್ಲಿ ಹಿಡಿದವರ ಎದುರು ಯಾರು ಹೇಳಿಯಾರು? ಅಧ್ಯಾಪಕರು ಕಡಿಮೆ ಇರುವ ವಿಭಾಗದಲ್ಲಿ ಇದು ಆಗದಿದ್ದರೆ, ಕಾರಣ ಕೇಳದೆ ಒಮ್ಮೆ ಮೆಂಟರ್ ಬದಲಿಸಿಕೊಳ್ಳುವ ಅವಕಾಶವನ್ನಾದರೂ ವಿದ್ಯಾರ್ಥಿಗಳಿಗೆ ಕೊಡಿ.

ಏನು ಗೊತ್ತಿಲ್ಲ ಎಂದು ಪತ್ತೆ ಮಾಡಿ

ಕಾರ್ಯಾಗಾರಕ್ಕೆ ಎರಡು ವಾರ ಮುಂಚೆ 12 ಪ್ರಶ್ನೆಗಳ ಒಂದು ಹಾಳೆ ಹಂಚಿ. ಹೆಸರು ಬರೆಯುವುದು ಬೇಡ. ‘ನಿಮಗೆ ಯಾವ ತರಬೇತಿ ಬೇಕು?’ ಎಂದು ಕೇಳಿದರೆ ‘ಕೌನ್ಸೆಲಿಂಗ್ ಕೌಶಲ’ ಎಂಬ ಒಂದೇ ಉತ್ತರ ಬರುತ್ತದೆ, ಉಪಯೋಗವಿಲ್ಲ. ವಿದ್ಯಾರ್ಥಿಗಳು ನಿಜವಾಗಿ ಕೇಳುವುದನ್ನೇ ಕೇಳಿ:

– 60 ಗಂಟೆಯ ಪೇಪರ್‌ನಲ್ಲಿ 36 ಗಂಟೆ ಮುಗಿದಿದೆ, 22ಕ್ಕೆ ಬಂದಿದ್ದೇನೆ. ಇನ್ನೆಷ್ಟು ರಜೆ ಹಾಕಬಹುದು?
– ಎಸ್‌ಎಸ್‌ಪಿಯಲ್ಲಿ (ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್) ಸ್ಕಾಲರ್‌ಶಿಪ್ ಮಂಜೂರಾಗಿದೆ ಅಂತ ತೋರಿಸುತ್ತಿದೆ, ಖಾತೆಗೆ ಹಣ ಬಂದಿಲ್ಲ. ಏನು ಮಾಡಲಿ?
– 2023ರಲ್ಲಿ ಸೇರಿದ ನನಗೂ 2024ರಲ್ಲಿ ಸೇರಿದ ತಮ್ಮನಿಗೂ ಸಿಲಬಸ್ ಬೇರೆ ಯಾಕೆ? ನಾನು ನಾಲ್ಕನೇ ವರ್ಷ ಓದಬಹುದಾ?
– ಬೇರೆ ಊರಿನ ಕಾಲೇಜಿಗೆ ವರ್ಗ ಮಾಡಿಸಿಕೊಂಡರೆ ಈಗಿನ ಕ್ರೆಡಿಟ್ ಏನಾಗುತ್ತದೆ?
– ಒಬ್ಬ ಸೀನಿಯರ್ ಹಿಂದೆ ಬಿದ್ದಿದ್ದಾನೆ. ದೂರು ಕೊಡಬೇಕು, ಯಾರಿಗೆ? ಎಷ್ಟು ದಿನದೊಳಗೆ?

ಮೊದಲ ಪ್ರಶ್ನೆಯ ಉತ್ತರ: ಹಾಜರಿ 75% ಬೇಕಿದ್ದರೆ 60ರಲ್ಲಿ 45 ಆಗಬೇಕು. ಉಳಿದಿರುವುದು 24 ಗಂಟೆ, ಬರಬೇಕಾದದ್ದು 23. ಒಂದೇ ಒಂದು ತಪ್ಪಿಸಬಹುದು. ಇದೇ ವಿದ್ಯಾರ್ಥಿಯನ್ನು 16 ಗಂಟೆ ಮುಗಿದಾಗ, 8ಕ್ಕೆ ಮಾತ್ರ ಬಂದಿದ್ದಾಗಲೇ ಹಿಡಿದಿದ್ದರೆ ಉಳಿದ 44ರಲ್ಲಿ 37ಕ್ಕೆ ಬಂದರೆ ಸಾಕಿತ್ತು, ಏಳರ ಸಡಿಲ ಇತ್ತು. ವಿದ್ಯಾರ್ಥಿಯೊಡನೆ ಮೊದಲ ಭೇಟಿ ನಾಲ್ಕನೇ ವಾರದೊಳಗೆ ಆಗಬೇಕು ಎನ್ನುವುದು ಈ ಗಣಿತದ ಕಾರಣಕ್ಕೆ. ಹಾಜರಿ ಸಾಲದವರ ಶಾರ್ಟೇಜ್ ಪಟ್ಟಿ ನೋಟಿಸ್ ಬೋರ್ಡಿಗೆ ಬಂದ ಮೇಲೆ ನಡೆಯುವ ಭೇಟಿಯಿಂದ ಫೈಲ್ ಮಾತ್ರ ಉದ್ಧಾರ.

ತುಂಬಿದ ಹಾಳೆಗಳನ್ನು ಒಟ್ಟು ಮಾಡಿ, ಹೆಚ್ಚು ಜನ ತಪ್ಪಿದ ನಾಲ್ಕೈದು ಪ್ರಶ್ನೆಗಳ ಸುತ್ತಲೇ ಮೊದಲ ದಿನವನ್ನು ಕಟ್ಟಿ.

ಕೈಯಲ್ಲಿರಬೇಕಾದ ಕಾಗದಗಳು

ನಿಯಮದ ಹಾಳೆ. ಎರಡು ಪುಟ ಮೀರಬಾರದು. ಅಡ್ಡಸಾಲಿನಲ್ಲಿ ವಿಷಯ: ಹಾಜರಿ, ಕಂಡೋನೇಷನ್ (ಹಾಜರಿ ಕೊರತೆಯ ಮನ್ನಾ), ಬ್ಯಾಕ್‌ಲಾಗ್, ಮರುಮೌಲ್ಯಮಾಪನ, ಫೀ ಕಟ್ಟುವ ಕೊನೆ ದಿನ, ಉತ್ತರ ಬರೆಯುವ ಭಾಷೆ, ಸ್ಕಾಲರ್‌ಶಿಪ್. ಕಂಬಸಾಲಿನಲ್ಲಿ ಬ್ಯಾಚ್. ಬ್ಯಾಚ್ ಯಾಕೆಂದರೆ ಕರ್ನಾಟಕದಲ್ಲಿ 2021–22ರಿಂದ ಹೊಸ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಬಂತು, 2024–25ರಿಂದ ಸೇರಿದವರಿಗೆ ಮತ್ತೆ ಮೂರು ವರ್ಷದ ಪದವಿ ಆಯಿತು. ಹಳೆಯ ಬ್ಯಾಚಿನ ಬ್ಯಾಕ್‌ಲಾಗ್ ವಿದ್ಯಾರ್ಥಿಗೆ ಹೊಸ ಬ್ಯಾಚಿನ ನಿಯಮ ಹೇಳಿ ಒಂದು ವರ್ಷ ಹಾಳು ಮಾಡುವುದು ಸುಲಭ. ಪ್ರತಿ ಸಾಲಿನ ಕೊನೆಗೆ ಸುತ್ತೋಲೆಯ ಸಂಖ್ಯೆ, ದಿನಾಂಕ ಬರೆಯಿರಿ. ‘ಹಾಗಂತ ಹೇಳ್ತಾರೆ’ ಎನ್ನುವ ಯಾವುದೂ ಹಾಳೆಗೆ ಬರಬಾರದು. ಇದನ್ನು ಪರೀಕ್ಷಾ ವಿಭಾಗದ ಅನುಭವಿ ಗುಮಾಸ್ತರೊಬ್ಬರು ಓದಿ ಒಪ್ಪಬೇಕು. ನಿಯಮದ ವಿಷಯದಲ್ಲಿ ಪ್ರಾಧ್ಯಾಪಕರಿಗಿಂತ ಅವರಿಗೆ ಹೆಚ್ಚು ಗೊತ್ತಿರುತ್ತದೆ, ಯಾರೂ ಅವರನ್ನು ತರಬೇತಿಗೆ ಕರೆಯುವುದಿಲ್ಲ. ನೀವು ಕರೆಯಿರಿ.

ಯಾರ ಹತ್ತಿರ ಕಳಿಸಬೇಕು ಎಂಬ ಕಾರ್ಡು. ಗುರುತಿನ ಚೀಟಿಯ ಹಿಂದೆ ಸಿಕ್ಕಿಸುವಷ್ಟು ಚಿಕ್ಕದು. ಕಾಲೇಜಿನ ಆಪ್ತಸಮಾಲೋಚಕರು, ಆಂತರಿಕ ದೂರು ಸಮಿತಿ, ವಿದ್ಯಾರ್ಥಿ ಕುಂದುಕೊರತೆ ಸಮಿತಿ, ಸ್ಕಾಲರ್‌ಶಿಪ್ ನೋಡಿಕೊಳ್ಳುವವರು, ಹಾಸ್ಟೆಲ್ ವಾರ್ಡನ್, ಇವರ ಹುದ್ದೆ, ಕೂರುವ ಕೊಠಡಿ, ಸಿಗುವ ಹೊತ್ತು. ಕೆಳಗೆ ಸಹಾಯವಾಣಿಗಳು: ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್ 14416 (ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು), ರ‍್ಯಾಗಿಂಗ್ ಇದ್ದರೆ 1800-180-5522, ಮಹಿಳೆಯರಿಗೆ 181, 18 ತುಂಬದವರಿಗೆ 1098, ತುರ್ತಿಗೆ 112. ಪ್ರತಿ ಸೆಮಿಸ್ಟರ್ ಆರಂಭದಲ್ಲಿ ಕಾರ್ಡಿನ ಕಾಲೇಜು ಸಂಖ್ಯೆಗಳಿಗೆಲ್ಲ ಒಬ್ಬರು ಫೋನ್ ಮಾಡಿ ನೋಡಬೇಕು. ವರ್ಗವಾಗಿ ಹೋದವರ ನಂಬರ್ ಇರುವ ಕಾರ್ಡಿಗಿಂತ ಕಾರ್ಡೇ ಇಲ್ಲದಿರುವುದು ವಾಸಿ.

ಭೇಟಿಯ ನಮೂನೆ. ಅರ್ಧ ಪುಟ, ನಾಲ್ಕು ಅಂಕಣ: ದಿನಾಂಕ, ಮಾತಾಡಿದ ವಿಷಯ, ಒಪ್ಪಿಕೊಂಡ ಒಂದು ಕೆಲಸ, ಮುಂದಿನ ದಿನಾಂಕ. ‘ವಿದ್ಯಾರ್ಥಿಯ ಬಲ, ದೌರ್ಬಲ್ಯ, ಹವ್ಯಾಸ, ಗುರಿ’ ಎಂದೆಲ್ಲ ನಾಲ್ಕು ಪುಟದ ನಮೂನೆ ಮಾಡಿದರೆ 15 ನಿಮಿಷವೂ ಬರೆಯುವುದಕ್ಕೇ ಹೋಗುತ್ತದೆ, ಮೆಂಟರ್ ತಲೆ ಎತ್ತುವುದಿಲ್ಲ.

ಪಾತ್ರದ ಚೀಟಿಗಳು. ತರಬೇತಿಯ ಜೀವಾಳ ಇವು. ಪ್ರತಿ ಚೀಟಿಗೆ ಎರಡು ಭಾಗ: ಮೇಲಿನದು ಮೆಂಟರ್‌ಗೆ ಕಾಣುವುದು, ಕೆಳಗಿನದು ವಿದ್ಯಾರ್ಥಿಯ ಪಾತ್ರ ಮಾಡುವವರಿಗೆ ಮಾತ್ರ.

1. ಬಿ.ಕಾಂ. ಮೊದಲ ಸೆಮಿಸ್ಟರ್ ಹುಡುಗ, ಹಾಜರಿ 50%. ಕೆಳಗೆ: ರಾತ್ರಿ 1ರವರೆಗೆ ಹೋಟೆಲಿನಲ್ಲಿ ಕೆಲಸ, ಮನೆಯ ಸಾಲದ ಕಂತು ಇವನ ತಲೆ ಮೇಲೆ.
2. ಪಿಯು ಕನ್ನಡ ಮಾಧ್ಯಮದಲ್ಲಿ ಒಳ್ಳೆಯ ಅಂಕ ಪಡೆದವಳು, ಇಂಟರ್ನಲ್ಸ್‌ನಲ್ಲಿ 20ಕ್ಕೆ 5. ಕೆಳಗೆ: ವಿಷಯ ಗೊತ್ತು, ಇಂಗ್ಲಿಷಿನ ಪ್ರಶ್ನೆಯೇ ಅರ್ಥವಾಗುವುದಿಲ್ಲ. ತಾನು ದಡ್ಡಿ ಎಂದು ನಂಬಿಬಿಟ್ಟಿದ್ದಾಳೆ.
3. ಮೂರು ಬ್ಯಾಕ್‌ಲಾಗ್, ‘ಟಿ.ಸಿ. ಕೊಡಿ ಸರ್’ ಎಂದು ಬಂದವನು. ಕೆಳಗೆ: ಐಟಿಐಗೆ ಸೇರುವ ಆಸೆ ಇದೆ, ಮನೆಯವರಿಗೆ ಹೇಳಿಲ್ಲ.
4. ಕೊನೆಯ ವರ್ಷದ ಜಾಣೆ, ‘ಮುಂದೇನು ಓದಲಿ ಮೇಡಂ?’ ಕೆಳಗೆ: ಎಂ.ಎಸ್ಸಿ. ಮಾಡುವ ಆಸೆ, ಮನೆಯವರು ಬಿ.ಎಡ್. ಎನ್ನುತ್ತಾರೆ, ಫೀ ಕೊಡುವವರು ಸೋದರಮಾವ.
5. ‘ಎರಡು ತಿಂಗಳು ಬರಕ್ಕಾಗಲ್ಲ, ಅಟೆಂಡೆನ್ಸ್ ಹೇಗಾದ್ರೂ ಮಾಡಿ ಮೇಡಂ’ ಎನ್ನುವ ಮೊದಲ ವರ್ಷದ ಹುಡುಗಿ. ಕೆಳಗೆ: ಮದುವೆ ಗೊತ್ತಾಗಿದೆ, ವಯಸ್ಸು 17.
6. ‘ಇನ್ನೇನು ಸರ್, ಎಲ್ಲಾ ಮುಗೀತು’ ಎನ್ನುವವನು. ಈ ಚೀಟಿ ಎರಡನೇ ದಿನಕ್ಕೆ ಮಾತ್ರ, ಆಪ್ತಸಮಾಲೋಚಕರು ಕೋಣೆಯಲ್ಲಿರಬೇಕು.

ಮೊದಲ ದಿನ: ಮಾಹಿತಿ ಮತ್ತು ಎಂಟು ನಿಮಿಷದ ಮಾತು

ಬೆಳಗಿನ ಎರಡು ಗಂಟೆ ನಿಯಮಕ್ಕೆ. ಪಿಪಿಟಿ ಬೇಡ. ನಾಲ್ಕು ನಾಲ್ಕು ಜನ ಕೂತು, ನಿಯಮದ ಹಾಳೆ ಮುಂದಿಟ್ಟುಕೊಂಡು, ಮೊದಲೇ ತಪ್ಪಿದ ಪ್ರಶ್ನೆಗಳನ್ನು ಬಿಡಿಸಲಿ. ವಿಶ್ವವಿದ್ಯಾಲಯ–ಕಾಲೇಜುಗಳ ಆನ್‌ಲೈನ್ ವ್ಯವಸ್ಥೆಯಾದ ಯುಯುಸಿಎಂಎಸ್‌ನಲ್ಲಿ ವಿದ್ಯಾರ್ಥಿಯ ಪುಟ ಹೇಗೆ ಕಾಣುತ್ತದೆ ಎಂದು ಒಮ್ಮೆ ಪರದೆಯ ಮೇಲೆ ತೋರಿಸಿ. ಮೆಂಟರ್‌ಗಳು ನೋಡಿರುವುದು ಅಧ್ಯಾಪಕರ ಪುಟವನ್ನು ಮಾತ್ರ.

ಸ್ಕಾಲರ್‌ಶಿಪ್‌ಗೆ ಇಲ್ಲಿ ಅರ್ಧ ಗಂಟೆ ಕೊಟ್ಟರೂ ತಪ್ಪಿಲ್ಲ. ಓದು ಬಿಡುವವರಲ್ಲಿ ಎಷ್ಟೋ ಮಂದಿಗೆ ಪಾಠಕ್ಕಿಂತ ದುಡ್ಡಿನ ತೊಡಕೇ ದೊಡ್ಡದು. ಹಣ ಬರದಿರಲು ಸಾಮಾನ್ಯ ಕಾರಣ ಮೂರು. ಒಂದು, ಹಣ ಹೋಗುವುದು ಆಧಾರ್ ಜೋಡಣೆಯಾದ ಖಾತೆಗೆ; ವಿದ್ಯಾರ್ಥಿ ನೋಡುತ್ತಿರುವುದು ಬೇರೆ ಖಾತೆಯನ್ನು. ಎಷ್ಟೋ ಸಲ ಅದು ಹೈಸ್ಕೂಲಿನಲ್ಲಿ ತೆರೆದು ಮರೆತ ಖಾತೆಯಾಗಿರುತ್ತದೆ. ಎರಡು, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿನ ಹೆಸರಿಗೂ ಆಧಾರ್ ಹೆಸರಿಗೂ ಹೊಂದಿಕೆಯಿಲ್ಲ, ಇನಿಷಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ. ಮೂರು, ನಾಡಕಚೇರಿಯ ಜಾತಿ–ಆದಾಯ ಪತ್ರದ ಆರ್‌ಡಿ ಸಂಖ್ಯೆ ತಪ್ಪು ಅಥವಾ ಪತ್ರದ ಅವಧಿ ಮುಗಿದಿದೆ. ಮೆಂಟರ್ ಇವನ್ನು ಸರಿಪಡಿಸಬೇಕಿಲ್ಲ. ‘ಬ್ಯಾಂಕಿಗೆ ಹೋಗಿ ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆ ಕೇಳು’ ಎಂದು ನಿಖರವಾಗಿ ಹೇಳಲು ಬಂದರೆ ಸಾಕು. ‘ಆಫೀಸಿನಲ್ಲಿ ವಿಚಾರಿಸು’ ಎನ್ನುವುದು ಸಲಹೆಯಲ್ಲ.

ಕ್ರೆಡಿಟ್ ವಿಷಯ ಬೇಗ ಮುಗಿಸಬಹುದು: ವಿದ್ಯಾರ್ಥಿಯ ಕ್ರೆಡಿಟ್ ಜಮೆಯಾಗುವ ಡಿಜಿಟಲ್ ಖಾತೆ, ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್, 2021ರಲ್ಲಿ ಬಂತು, ಅದರಲ್ಲಿ ಜಮೆಯಾದ ಕ್ರೆಡಿಟ್‌ಗೆ ಹೆಚ್ಚೆಂದರೆ 7 ವರ್ಷ ಆಯುಸ್ಸು, ವಿದ್ಯಾರ್ಥಿಯ ಐಡಿ ಸರಿಯಾಗಿ ಜೋಡಣೆಯಾಗಿದೆಯೇ ಎಂದು ಡಿಜಿಲಾಕರ್‌ನಲ್ಲಿ ನೋಡಿಸಬೇಕು. ಅಂಗವಿಕಲ ವಿದ್ಯಾರ್ಥಿಗಳ ವಿಷಯದಲ್ಲಿ ಮಾತ್ರ ಅವಸರ ಬೇಡ. ಬರಹಗಾರರ ನೆರವು ಬೇಕಾದವರಿಗೆ ಪರೀಕ್ಷೆಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಸಿಗಬೇಕು. ಅದಕ್ಕೆ ಅರ್ಜಿ ಪರೀಕ್ಷೆಯ ಹಿಂದಿನ ದಿನವಲ್ಲ, ಫಾರಂ ತುಂಬುವಾಗಲೇ ಹೋಗಬೇಕು. ಕಣ್ಣಿಗೆ ಕಾಣದ ತೊಂದರೆ ಇರುವವರು, ಉದಾಹರಣೆಗೆ ಕಲಿಕಾ ನ್ಯೂನತೆ ಇರುವವರು, ತಾವಾಗಿ ಕೇಳುವುದು ಅಪರೂಪ.

ಮಧ್ಯಾಹ್ನ ಮಾತಿನ ಅಭ್ಯಾಸ. ಮೂವರ ಗುಂಪು: ಮೆಂಟರ್, ವಿದ್ಯಾರ್ಥಿ, ನೋಡುವವರು. ಒಂದು ಸುತ್ತಿಗೆ 8 ನಿಮಿಷ ಮಾತು, 4 ನಿಮಿಷ ವಿಮರ್ಶೆ, ಆಮೇಲೆ ಪಾತ್ರ ಬದಲು. ಮೂರು ಸುತ್ತಿಗೆ 36 ನಿಮಿಷ; ಚೀಟಿ ಬದಲಿಸಿ ಮತ್ತೆ ಮೂರು ಸುತ್ತು. ಎಂಟು ಗುಂಪುಗಳಿಗೆ ಇಬ್ಬರು ತರಬೇತುದಾರರು ಓಡಾಡುತ್ತಿರಬೇಕು.

ಮಾತಿನ ಕ್ರಮ ಹೀಗಿರಲಿ. ಮೊದಲು ರಿಜಿಸ್ಟರ್‌ನಲ್ಲಿರುವ ಸಂಗತಿ, ಬೈಗುಳ ಬೆರೆಸದೆ. ಆಮೇಲೆ ‘ಏನು’, ‘ಹೇಗೆ’, ‘ಯಾವಾಗಿನಿಂದ’ ಎಂಬ ಪ್ರಶ್ನೆ. ಪ್ರಶ್ನೆ ಕೇಳಿದ ಮೇಲೆ ಮೌನ. ಮನಸ್ಸಿನಲ್ಲೇ ಏಳರವರೆಗೆ ಎಣಿಸಬೇಕು. ಕೊನೆಗೆ ಒಂದೇ ಒಂದು ಕೆಲಸ, ಯಾರು ಮಾಡುತ್ತಾರೆ, ಯಾವ ದಿನದೊಳಗೆ. ಉಪದೇಶಕ್ಕೆ ಇದರಲ್ಲಿ ಜಾಗ ಇಟ್ಟಿಲ್ಲ.

ಸಾಮಾನ್ಯವಾಗಿ ನಡೆಯುವುದು ಹೀಗೆ:

‘ಯಾಕೋ ಅಟೆಂಡೆನ್ಸ್ ಇಷ್ಟು ಕಡಿಮೆ?’
‘ಊರಿಗೆ ಹೋಗಿದ್ದೆ ಸರ್.’
‘ಊರಲ್ಲಿ ಕೂತ್ರೆ ಡಿಗ್ರಿ ಯಾರು ಕೊಡ್ತಾರೆ? ನಾಳೆ ಅಪ್ಪನ್ನ ಕರ್ಕೊಂಡು ಬಾ.’

ಅಭ್ಯಾಸ ಮಾಡಿಸಬೇಕಾದದ್ದು:

‘ಬಾಪ್ಪ, ಕೂತ್ಕೊ. ಅಕೌಂಟೆನ್ಸಿ 16 ಕ್ಲಾಸ್ ಆಗಿದೆ, 8ಕ್ಕೆ ಬಂದಿದ್ದೀಯ. ತಪ್ಪಿರೋದೆಲ್ಲ ಫಸ್ಟ್ ಪೀರಿಯಡ್. ರಾತ್ರಿ ಮಲಗೋದು ಎಷ್ಟೊತ್ತಾಗುತ್ತೆ?’
‘ಒಂದೂವರೆ, ಎರಡು ಆಗುತ್ತೆ ಸರ್.’
‘ಅಷ್ಟೊತ್ತಿನವರೆಗೆ ಏನು ಕೆಲಸ ಇರುತ್ತೆ?’

‘ಯಾಕೆ’ ಎಂದರೆ ವಿಚಾರಣೆಯಂತೆ ಕೇಳುತ್ತದೆ, ನೆಪ ಹುಟ್ಟುತ್ತದೆ. ಮೊದಲ ಪೀರಿಯಡ್ ಮಾತ್ರ ತಪ್ಪುತ್ತಿದೆ ಎಂದು ಗಮನಿಸಿದ್ದೇ ಎರಡನೇ ಮಾತಿಗೆ ದಾರಿಯಾಯಿತು. ಆದ್ದರಿಂದ ಭೇಟಿಗೆ ಮುಂಚೆ ಎರಡು ನಿಮಿಷ ಹಾಜರಿ ನೋಡುವುದನ್ನೂ ಅಭ್ಯಾಸದ ಭಾಗ ಮಾಡಿ. ‘ನೀನು’ ಎನ್ನಬೇಕೋ ‘ನೀವು’ ಎನ್ನಬೇಕೋ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ನಿಮ್ಮ ಕಾಲೇಜಿನಲ್ಲಿ ಯಾವುದು ರೂಢಿಯೋ ಅದೇ ಇರಲಿ. ಮುಖ ನೋಡದೆ ಪೇಪರ್ ತಿದ್ದುತ್ತಾ ‘ಹೂಂ, ಏನು ಬಂದದ್ದು?’ ಎನ್ನುವುದರ ಮುಂದೆ ಏಕವಚನ ದೊಡ್ಡ ದೋಷವಲ್ಲ.

ನೋಡುವವರ ಕೈಗೆ ಒಂದು ಚೀಟಿ: ಮೆಂಟರ್ ಎಷ್ಟು ನಿಮಿಷ ಮಾತಾಡಿದರು? ಮೊದಲ ಸಲಹೆ ಎಷ್ಟನೇ ನಿಮಿಷಕ್ಕೆ ಬಂತು? ಚೀಟಿಯ ಕೆಳಭಾಗದ ಗುಟ್ಟು ಹೊರಬಂತೇ? ಕೊನೆಗೆ ದಿನಾಂಕ ಗೊತ್ತಾಯಿತೇ? ಮೊದಲ ಸುತ್ತಿನಲ್ಲಿ ಬಹುಪಾಲು ಮೇಷ್ಟ್ರೇ ಮಾತಾಡಿರುತ್ತಾರೆ, ಗುಟ್ಟು ಚೀಟಿಯಲ್ಲೇ ಉಳಿದಿರುತ್ತದೆ. ಅದನ್ನು ಅವರೇ ಕಂಡುಕೊಳ್ಳಲಿ. ತರಬೇತುದಾರರು ಎತ್ತಿ ಆಡಬಾರದು. ಹಿರಿಯ ಪ್ರಾಧ್ಯಾಪಕರನ್ನೂ ನಿನ್ನೆ ಮೊನ್ನೆ ಸೇರಿದ ಅತಿಥಿ ಉಪನ್ಯಾಸಕರನ್ನೂ ಒಂದೇ ಗುಂಪಿಗೆ ಹಾಕುವಾಗ, ಮೊದಲ ಸುತ್ತಿನಲ್ಲಿ ಹಿರಿಯರಿಗೆ ವಿದ್ಯಾರ್ಥಿಯ ಪಾತ್ರ ಕೊಡಿ. ಕಿರಿಯರ ಎದುರು ಮೊದಲೇ ಪರೀಕ್ಷೆಗೊಳಗಾಗುವ ಮುಜುಗರ ತಪ್ಪುತ್ತದೆ. ಮಾತಿನ ನಡುವೆ ಬಾಯಿ ಹಾಕಿದರೆ ಹೇಗನ್ನಿಸುತ್ತದೆ ಎಂಬುದೂ ಅವರಿಗೆ ತಿಳಿಯುತ್ತದೆ.

ಎರಡನೇ ದಿನ: ಮೆಂಟರ್ ಎಲ್ಲಿ ನಿಲ್ಲಬೇಕು

2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ಶಿಕ್ಷಣ ಸಂಸ್ಥೆಗಳಿಗೆಲ್ಲ ಅನ್ವಯಿಸುವ ಮಾರ್ಗಸೂಚಿ ಕೊಟ್ಟಿತು. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವಲ್ಲಿ ಅರ್ಹ ಆಪ್ತಸಮಾಲೋಚಕರು, ಮನಶ್ಶಾಸ್ತ್ರಜ್ಞರು ಅಥವಾ ಸಮಾಜಕಾರ್ಯಕರ್ತರಲ್ಲಿ ಒಬ್ಬರಾದರೂ ಇರಬೇಕು. ಅದಕ್ಕಿಂತ ಚಿಕ್ಕ ಸಂಸ್ಥೆ ಹೊರಗಿನ ತಜ್ಞರೊಡನೆ ಅಧಿಕೃತ ಏರ್ಪಾಡು ಮಾಡಿಕೊಳ್ಳಬೇಕು. ಬೋಧಕರಿಗೂ ಬೋಧಕೇತರರಿಗೂ ವರ್ಷಕ್ಕೆ ಕನಿಷ್ಠ ಎರಡು ಸಲ ತಜ್ಞರಿಂದ ತರಬೇತಿ ಆಗಬೇಕು. ಎರಡನೇ ದಿನದ ಬೆಳಗನ್ನು ಅದರಲ್ಲಿ ಒಂದಾಗಿ ಎಣಿಸಬಹುದು, ನಡೆಸುವವರು ಅರ್ಹ ಮಾನಸಿಕ ಆರೋಗ್ಯ ತಜ್ಞರೇ ಆಗಿದ್ದರೆ. ಜಿಲ್ಲಾ ಆಸ್ಪತ್ರೆಯ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವನ್ನು ಪತ್ರ ಬರೆದು ಕೇಳಿ. ಮನಸ್ಸು ಅರಳಿಸುವ ಭಾಷಣಕಾರರು ಈ ಜಾಗಕ್ಕೆ ಬೇಡವೇ ಬೇಡ.

ಮೆಂಟರ್ ಚಿಕಿತ್ಸಕರಲ್ಲ. ಅವರು ಮೂರು ಕೆಲಸ ಕಲಿತರೆ ಸಾಕು: ಗುರುತಿಸುವುದು, ನೇರವಾಗಿ ಕೇಳುವುದು, ಜೊತೆಯಲ್ಲಿ ಕರೆದುಕೊಂಡು ಹೋಗಿ ಒಪ್ಪಿಸುವುದು.

ಗುರುತು: ಇದ್ದಕ್ಕಿದ್ದಂತೆ ಗೆಳೆಯರಿಂದ ದೂರವಾಗುವುದು, ನಿದ್ದೆ–ಊಟ ಕೆಡುವುದು, ತನ್ನ ವಸ್ತುಗಳನ್ನು ಹಂಚಿಬಿಡುವುದು, ‘ನಾನಿಲ್ಲದಿದ್ರೆ ಎಲ್ಲರಿಗೂ ನೆಮ್ಮದಿ’ ಎಂಬ ಧಾಟಿಯ ಮಾತು. ಇಂಥದ್ದು ಕಂಡರೆ ಕೇಳುವುದು ಹೀಗೆ: ‘ಇಷ್ಟು ಕಷ್ಟದಲ್ಲಿರುವಾಗ ಕೆಲವರಿಗೆ ಸಾಯಬೇಕು ಅನ್ನಿಸುತ್ತೆ. ನಿನಗೆ ಹಾಗನ್ನಿಸಿದೆಯಾ?’ ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುತ್ತದೆ ಎಂಬ ಭಯ ಕೋಣೆಯಲ್ಲಿ ಎಲ್ಲರಿಗೂ ಇರುತ್ತದೆ. ಹಾಗಾಗುವುದಿಲ್ಲ, ಕೇಳಿದವರು ಸಿಕ್ಕರಲ್ಲ ಎಂದು ಹಗುರವಾಗುವವರೇ ಹೆಚ್ಚು. ಈ ವಾಕ್ಯವನ್ನು ಪ್ರತಿಯೊಬ್ಬರೂ ಬಾಯಿಬಿಟ್ಟು, ಪಕ್ಕದವರ ಮುಖ ನೋಡಿ, ಮೂರು ಸಲ ಹೇಳಬೇಕು. ಮೊದಲ ಸಲ ನಾಲಿಗೆ ತೊಡರುತ್ತದೆ. ವಿದ್ಯಾರ್ಥಿಯ ಎದುರು ತೊಡರುವುದಕ್ಕಿಂತ ಇಲ್ಲೇ ತೊಡರಲಿ.

ಉತ್ತರ ‘ಹೌದು’ ಎಂದಾದರೆ: ಒಬ್ಬರನ್ನೇ ಬಿಡಬಾರದು, ‘ನಂಬರ್ ಕೊಡ್ತೀನಿ, ಫೋನ್ ಮಾಡು’ ಎನ್ನಬಾರದು, ಆಪ್ತಸಮಾಲೋಚಕರ ಕೋಣೆಗೆ ಜೊತೆಯಲ್ಲೇ ನಡೆಯಬೇಕು, ಅವರಿಲ್ಲದಿದ್ದರೆ ಅಲ್ಲೇ ಕೂತು 14416ಕ್ಕೆ ಕರೆ ಮಾಡಬೇಕು. ಕೂಡಲೇ ಅಪಾಯವಿದ್ದರೆ 112, ಆಸ್ಪತ್ರೆ. ‘ಇಷ್ಟಕ್ಕೆಲ್ಲ ಯಾರಾದ್ರೂ ಹಾಗೆ ಯೋಚಿಸ್ತಾರಾ’, ‘ಅಪ್ಪ ಅಮ್ಮನ ಮುಖ ನೆನೆಸ್ಕೋ’ ಎಂಬ ಮಾತುಗಳು ಒಳ್ಳೆಯ ಮನಸ್ಸಿನಿಂದಲೇ ಬರುತ್ತವೆ, ಬಾಯಿ ಮುಚ್ಚಿಸುತ್ತವೆ.

ಗುಟ್ಟಿನ ವಿಷಯಕ್ಕೆ ಬಾಯಿಪಾಠದ ಮಾತು ಒಂದು ಬೇಕು. ‘ಯಾರಿಗೂ ಹೇಳಲ್ಲ’ ಎಂದು ಎಂದೂ ಮಾತು ಕೊಡಬಾರದು. ಬದಲಿಗೆ: ‘ನೀನು ಹೇಳಿದ್ದು ನನ್ನ ಹತ್ರಾನೇ ಇರುತ್ತೆ. ನಿನ್ನ ಜೀವಕ್ಕೋ ಬೇರೆಯವರಿಗೋ ಅಪಾಯ ಇದೆ ಅನ್ನಿಸಿದ್ರೆ, ಇಲ್ಲಾ ಕಾನೂನಿನ ವಿಷಯ ಆದ್ರೆ, ಸಹಾಯ ಮಾಡೋರಿಗೆ ಹೇಳಲೇಬೇಕಾಗುತ್ತೆ. ಹೇಳೋ ಮುಂಚೆ ನಿನಗೆ ತಿಳಿಸ್ತೀನಿ.’ ಕಾನೂನಿನ ಮಾತು ಯಾಕೆಂದರೆ ಮೊದಲ ವರ್ಷದಲ್ಲಿ 18 ತುಂಬದವರು ಇರುತ್ತಾರೆ. ಅವರ ಮೇಲೆ ಲೈಂಗಿಕ ದೌರ್ಜನ್ಯವಾಗಿದೆ ಎಂದು ತಿಳಿದರೆ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಪ್ರಿನ್ಸಿಪಾಲರು ಒಳಗೇ ‘ರಾಜಿ’ ಮಾಡಿಸುವಂತಿಲ್ಲ.

ಲೈಂಗಿಕ ಕಿರುಕುಳದ ದೂರು ಆಂತರಿಕ ದೂರು ಸಮಿತಿಗೆ. ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2015ರ ನಿಯಮದಂತೆ ಘಟನೆಯಾದ ಮೂರು ತಿಂಗಳೊಳಗೆ ಲಿಖಿತ ದೂರು ಹೋಗಬೇಕು; ಮತ್ತೆ ಮತ್ತೆ ನಡೆದಿದ್ದರೆ ಕೊನೆಯ ಘಟನೆಯಿಂದ ಲೆಕ್ಕ. ‘ಪರೀಕ್ಷೆ ಮುಗೀಲಿ, ಆಮೇಲೆ ನೋಡೋಣ’ ಎಂದು ಮೆಂಟರ್ ಮುಂದೂಡಿದರೆ ಈ ಅವಧಿಯೇ ಮುಗಿದುಹೋಗಬಹುದು. ಅಂಕ, ಫೀ, ಪ್ರಮಾಣಪತ್ರ ತಡೆಹಿಡಿದದ್ದು ಮುಂತಾದವು ಕುಂದುಕೊರತೆ ಸಮಿತಿಗೆ. 2023ರ ಯುಜಿಸಿ ನಿಯಮದ ಪ್ರಕಾರ ಆ ಸಮಿತಿ ಆದಷ್ಟೂ 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಮೆಂಟರ್ ತಾನೇ ತನಿಖೆಗೆ ಇಳಿಯಬಾರದು, ಎರಡೂ ಕಡೆಯವರನ್ನು ಕರೆಸಿ ಕೂರಿಸಬಾರದು.

ಈಗ ಐದನೇ ಚೀಟಿ. ಇದಕ್ಕೆ ಒಂದು ಗಂಟೆ ಬೇಕು, ಯಾಕೆಂದರೆ ಮೆಂಟರ್‌ನ ಮೊದಲ ಹೆಜ್ಜೆ ಸಾಮಾನ್ಯವಾಗಿ ಮನೆಗೆ ಫೋನ್. ಹುಡುಗರ ವಿಷಯದಲ್ಲಿ ಆ ಫೋನಿನಿಂದ ಬೈಗುಳ ಬಂದೀತು. ಹುಡುಗಿಯ ಹಾಜರಿ ಕಡಿಮೆ ಎಂದೋ, ‘ಯಾರದೋ ಜೊತೆ ಓಡಾಡುತ್ತಾಳೆ’ ಎಂದೋ ಫೋನ್ ಹೋದರೆ ಓದೇ ನಿಂತು ಮದುವೆಯಾಗಿಬಿಡಬಹುದು. ಅದಕ್ಕೆ ನಿಯಮ ಹೀಗಿರಲಿ: ಮನೆಗೆ ಫೋನ್ ಮಾಡುವ ಮೊದಲು ವಿದ್ಯಾರ್ಥಿಯನ್ನು ‘ಮನೆಗೆ ಫೋನ್ ಮಾಡಿದ್ರೆ ಏನಾಗಬಹುದು? ಯಾರ ಹತ್ರ ಮಾತಾಡಿದ್ರೆ ಒಳ್ಳೇದು?’ ಎಂದು ಕೇಳಬೇಕು. ಅಪ್ಪನ ಬದಲು ಅಕ್ಕನೋ ಸೋದರಮಾವನೋ ಸರಿಯಾದ ವ್ಯಕ್ತಿ ಇರಬಹುದು. 17ರ ಹುಡುಗಿಗೆ ಮದುವೆ ಗೊತ್ತಾಗಿದೆ ಎಂದಾದರೆ ಅದು ಮೆಂಟರ್ ಮನೆಯವರ ಮನವೊಲಿಸುವ ಹಂತವನ್ನು ದಾಟಿದೆ: ಪ್ರಿನ್ಸಿಪಾಲರು ಮತ್ತು 1098.

ಮಧ್ಯಾಹ್ನ ಉಳಿದ ಚೀಟಿಗಳು. ಆರನೆಯದನ್ನು ಆಡಲು ಇಷ್ಟವಿಲ್ಲದವರಿಗೆ ಕಾರಣ ಕೇಳದೆ ಬಿಡಿ. ಮೆಂಟರ್‌ಗಳಲ್ಲೂ ಮನೆಯಲ್ಲಿ ಅಂಥ ಸಾವು ಕಂಡವರಿರಬಹುದು.

ಬರೆಯುವುದು, ಬರೆಯದಿರುವುದು

ಕೊನೆಯ ಅರ್ಧ ಗಂಟೆ ದಾಖಲೆಗೆ. ನ್ಯಾಕ್ ತಂಡ ಬಂದಾಗ ಮೇಜಿನ ಮೇಲೆ ಜೋಡಿಸುವ ಫೈಲಿನಲ್ಲಿ ‘ಪ್ರೇಮ ಪ್ರಕರಣ’, ‘ತಂದೆ ಕುಡುಕ’, ‘ಖಿನ್ನತೆ’ ಎಂಬ ಮಾತು ಇರಬಾರದು. ‘ವೈಯಕ್ತಿಕ ವಿಷಯ, ಮುಂದಿನ ನೆರವಿಗೆ ಕಳಿಸಿದೆ, ಮತ್ತೆ ಭೇಟಿ 14ಕ್ಕೆ’ ಸಾಕು. ಬರೆದದ್ದನ್ನು ವಿದ್ಯಾರ್ಥಿಗೆ ತೋರಿಸಿ ಸಹಿ ಪಡೆಯುವುದು ಒಳ್ಳೆಯ ಪರೀಕ್ಷೆ: ತೋರಿಸಲು ಮುಜುಗರವಾಗುವ ವಾಕ್ಯ ಅಲ್ಲಿರಲೇಬಾರದು. ಮೆಂಟರ್‌ನ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪು ಸುತ್ತೋಲೆ ಹಾಕಲು ಸರಿ. ಶಾರ್ಟೇಜ್ ಇರುವವರ ಹೆಸರು, ಅಂಕ ಅಲ್ಲಿಗೆ ಬರಕೂಡದು.

ಆರು ಭೇಟಿಗಳು

ಕಾರ್ಯಾಗಾರದಲ್ಲಿ ಕಲಿತದ್ದು ತಿಂಗಳೊಳಗೆ ಹಳೆಯ ರೂಢಿಗೆ ತಿರುಗುತ್ತದೆ, ಬೆನ್ನಿಗೆ ಏನೂ ಇಲ್ಲದಿದ್ದರೆ. ಎಂಟೆಂಟು ಮೆಂಟರ್‌ಗಳ ಮೂರು ಗುಂಪು ಮಾಡಿ, 3, 5, 7, 10, 12 ಮತ್ತು 15ನೇ ವಾರ ತಲಾ 45 ನಿಮಿಷ ಕೂಡಿಸಿ. 3ನೇ ವಾರದ ಭೇಟಿಗೆ ಪ್ರತಿಯೊಬ್ಬರೂ ತಮ್ಮ ವಿದ್ಯಾರ್ಥಿಗಳ ಹಾಜರಿ ತಂದು, ಮೊದಲು ಕರೆಯಬೇಕಾದ ಐವರನ್ನು ಗುರುತು ಮಾಡಲಿ. ಮುಂದಿನ ಭೇಟಿಗಳಲ್ಲಿ ಇಬ್ಬರು ತಮಗೆ ಕಗ್ಗಂಟಾದ ಒಂದೊಂದು ಪ್ರಕರಣ ಹೇಳಬೇಕು, ಹೆಸರು ಬಿಟ್ಟು. ಕೇಳುವವರಿಗೆ ಮೊದಲ ಐದು ನಿಮಿಷ ಪ್ರಶ್ನೆ ಕೇಳುವ ಹಕ್ಕು ಮಾತ್ರ, ಸಲಹೆ ಆಮೇಲೆ. 10ನೇ ವಾರಕ್ಕೆ ನಿಯಮದ ಹಾಳೆಯಲ್ಲಿ ಬದಲಾದ ಸಾಲುಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿಕೊಳ್ಳಿ. 12ನೇ ವಾರದಲ್ಲಿ ಹಾಲ್ ಟಿಕೆಟ್ ತೊಡಕುಗಳು. ಒಂದು ಭೇಟಿಯನ್ನಾದರೂ ಪ್ರಿನ್ಸಿಪಾಲರು ಇಲ್ಲದೆ ನಡೆಸಿ. ಅವರೆದುರು ಯಾರೂ ಕಗ್ಗಂಟು ಬಿಚ್ಚುವುದಿಲ್ಲ.

ಬಡ್ತಿಯ ಲೆಕ್ಕಕ್ಕೆ ಎರಡು ದಿನದ ಆಂತರಿಕ ಕಾರ್ಯಾಗಾರ ಬರುವುದಿಲ್ಲ ಎಂದು ಗೊಣಗುವವರು ಇರುತ್ತಾರೆ, ಅವರ ಮಾತು ತಪ್ಪೂ ಅಲ್ಲ. ಅಂಥ ಪ್ರಮಾಣಪತ್ರ ಬೇಕಾದವರು ಅಧ್ಯಾಪಕರ ತರಬೇತಿಗೆಂದೇ ಇರುವ ಮಾಳವೀಯ ಮಿಷನ್ ಅಡಿ ನಡೆಯುವ ಕೋರ್ಸ್‌ಗಳನ್ನು ನೋಡಿಕೊಳ್ಳಲಿ. ಇಲ್ಲಿ ಕೊಡಬಹುದಾದ ನಿಜವಾದ ಪ್ರತಿಫಲ ಕೆಲಸದ ಹೊರೆಯಲ್ಲಿ ಎಣಿಕೆಯಾಗುವ ಆ ವಾರದ ಪೀರಿಯಡ್.

ಫಲ ತೂಗುವುದು

ಕಾರ್ಯಾಗಾರ ಮುಗಿದೊಡನೆ ಹಂಚುವ ಫೀಡ್‌ಬ್ಯಾಕ್ ಹಾಳೆಯಲ್ಲಿ ಎಲ್ಲರೂ ‘ಬಹಳ ಉಪಯುಕ್ತ’ ಎಂದೇ ಬರೆಯುತ್ತಾರೆ. ಅದನ್ನು ಲೆಕ್ಕಕ್ಕೆ ಇಡಬೇಡಿ. ಅದೇ 12 ಪ್ರಶ್ನೆಗಳನ್ನು ಆರು ವಾರದ ನಂತರ ಮತ್ತೆ ಕೇಳಿ. ಹಾಜರಿ 50%ಗಿಂತ ಕೆಳಗಿದ್ದವರಲ್ಲಿ ಎಷ್ಟು ಮಂದಿಯನ್ನು ಶಾರ್ಟೇಜ್ ಪಟ್ಟಿ ಬರುವ ಮೊದಲೇ ಮೆಂಟರ್ ಕಂಡಿದ್ದರು, ಎಣಿಸಿ. ಬೇರೆಯವರ ಹತ್ತಿರ ಕಳಿಸಿದ ವಿದ್ಯಾರ್ಥಿ ನಿಜವಾಗಿ ಅಲ್ಲಿಗೆ ಹೋಗಲು ಎಷ್ಟು ದಿನ ಹಿಡಿಯಿತು, ನೋಡಿ. ವಿದ್ಯಾರ್ಥಿಗಳಿಗೆ ಹೆಸರಿಲ್ಲದ ಚೀಟಿಯಲ್ಲಿ ಎರಡೇ ಪ್ರಶ್ನೆ: ನಿನ್ನ ಮೆಂಟರ್ ಯಾರು? ಕೊನೆಯ ಸಲ ಮಾತಾಡಿದಾಗ ಏನು ತೀರ್ಮಾನವಾಯಿತು? ಮೊದಲನೆಯದಕ್ಕೇ ಖಾಲಿ ಬಿಟ್ಟ ಚೀಟಿಗಳನ್ನು ವಿಭಾಗವಾರು ಬೇರೆ ಮಾಡಿದರೆ ಮುಂದಿನ ಸೆಮಿಸ್ಟರ್‌ನ ತರಬೇತಿ ಎಲ್ಲಿಂದ ಶುರುವಾಗಬೇಕು ಎಂದು ತಿಳಿಯುತ್ತದೆ.

ಸರ್ಕಾರಿ ಪದವಿ ಕಾಲೇಜುಗಳಲ್ಲಿ ಬೋಧನೆಯ ದೊಡ್ಡ ಪಾಲು ಅತಿಥಿ ಉಪನ್ಯಾಸಕರದು, ಮೆಂಟರ್‌ಗಳೂ ಅವರೇ. ಮುಂದಿನ ವರ್ಷ ಅವರು ಇದೇ ಕಾಲೇಜಿನಲ್ಲಿ ಇರುತ್ತಾರೆಂಬ ಖಾತ್ರಿಯಿಲ್ಲ. ಆದ್ದರಿಂದ 15ನೇ ವಾರದ ಭೇಟಿಯ ಕೆಲಸ ಒಂದೇ: ಪ್ರತಿ ವಿದ್ಯಾರ್ಥಿಗೆ ಮೂರು ಸಾಲಿನ ಹಸ್ತಾಂತರ ಚೀಟಿ. ಬಾಕಿ ಇರುವ ಪೇಪರ್, ನಡೆಯುತ್ತಿರುವ ಅರ್ಜಿ, ಒಪ್ಪಿಕೊಂಡು ಉಳಿದಿರುವ ಕೆಲಸ. ಅದನ್ನು ವಿದ್ಯಾರ್ಥಿಗೆ ಓದಿಹೇಳಿ, ಒಪ್ಪಿಗೆ ಪಡೆದು, ಮುಚ್ಚಿದ ಲಕೋಟೆಯಲ್ಲಿ ಐಕ್ಯುಎಸಿ ಕಪಾಟಿಗೆ ಸೇರಿಸಿ. ಹೊಸ ಮೆಂಟರ್‌ಗೆ ಪಟ್ಟಿ ಕೊಡುವ ದಿನವೇ ಈ ಲಕೋಟೆಯೂ ಕೈ ಸೇರಬೇಕು.